ಈಜುಕೊಳ ತೋಡುವ ಮುನ್ನ ನಮ್ಮ ಒಲೆಯ ಮಣ್ಣು ಕೊಡಿ

ನಮ್ಮ ಆಂಟಿಗುವಾ ಪಟ್ಟಣದ ಪಾರಂಪರಿಕ ವಲಯದಲ್ಲಿ ಯಾರು ನೆಲ ಕೊಳ್ಳಬಹುದು, ಯಾರು ಕೊಳ್ಳಬಾರದು ಎಂದು ತೀರ್ಮಾನಿಸುವ ಮಾನ್ಯರೇ,

ನಾವು ಹುಟ್ಟಿ ಬೆಳೆದ ಹಿತ್ತಲನ್ನು ಕೊಳ್ಳಲು ನೀವು ನಮಗೆ ಅನುಮತಿ ಕೊಡಲಿಲ್ಲ, ಹೋಟೆಲಿನವರಿಗೆ ಕೊಟ್ಟಿರಿ. ಬರುವ ವಾರ ನಮ್ಮ ಅಡುಗೆಮನೆ ಇದ್ದ ಕಡೆ ಈಜುಕೊಳಕ್ಕೆ ಗುಂಡಿ ತೋಡುತ್ತಾರಂತೆ. ಅದಕ್ಕೇ ಇದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದ್ದು ನಿಮಗೆ ಕೇಳಿಸಲಿಲ್ಲ.

ನಾವು ಮಾಡಿದ ಅಪರಾಧವಾದರೂ ಏನು? ಜಾಗದ ಒಡತಿ ತೀರಿಕೊಂಡ ಮೇಲೆ ಅವರ ಮಕ್ಕಳು, ಬಾಡಿಗೆಗಿದ್ದ ನಮಗೇ ಅದನ್ನು ಮಾರಲು ಒಪ್ಪಿದ್ದರು. ನಿಮ್ಮ ಇನ್‌ಸ್ಪೆಕ್ಟರ್ ಬಂದು ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಹಿತ್ತಲಲ್ಲಿ ಭೂಕಂಪಕ್ಕೂ ಬೀಳದೆ ಉಳಿದ, ಸನ್ಯಾಸಿನಿಯರ ಹಳೆಯ ಕಾನ್ವೆಂಟಿನ ಗೋಡೆಯಿದೆ. ಅಮ್ಮ ಹಿಂದಿನ ದಿನ ನನಗೆ ಹೇಳಿದಳು: "ದೊಡ್ಡೋರು ಬರ್ತಾರೆ, ಗೋಡೆ ಹಿಂಗೆ ಪಾಚಿ ಹಿಡ್ಕೊಂಡಿದ್ರೆ ಏನಂದ್ಕೊಂಡಾರು? ಸುಣ್ಣ ಕಲಸೇ ಒಟಿಲಿಯಾ." ಕಲಸಿದೆ. ಇಬ್ಬರೂ ಸೇರಿ ಬಳಿದೆವು. ಈಸ್ಟರ್ ಮುಂಚಿನ ಪವಿತ್ರ ವಾರ ಬಂದರೆ ಈ ಊರಿನಲ್ಲಿ ಸುಣ್ಣ ಕಾಣದ ಗೋಡೆ ಯಾವುದಿದೆ ಹೇಳಿ?

ಇನ್‌ಸ್ಪೆಕ್ಟರ್ ತಲೆ ಚಚ್ಚಿಕೊಂಡರು. "ಏನಮ್ಮಾ ಇದು! ಇಷ್ಟು ಹಳೇ ಗೋಡೆಗೆ ಸುಣ್ಣ ಮೆತ್ತಿದೀಯಲ್ಲಾ!"

"ಹೂಂ ಕಣಪ್ಪಾ," ಅಮ್ಮ ಹೆಮ್ಮೆಯಿಂದ ಬೀಗಿದಳು. "ನಮ್ಮಜ್ಜಿ ಕಾಲದಿಂದ್ಲೂ ವರ್ಷಾ ವರ್ಷಾ ಬಳೀತಿದೀವಿ. ಅದಕ್ಕೇ ನೋಡು, ಇನ್ನೂ ನಿಂತಿರೋದು. ಕೂತ್ಕೋ, ಬಿಸಿ ಜೋಳದ ಗಂಜಿ ಕುಡಿ."

ಅವರು ಎರಡು ಲೋಟ ಕುಡಿದರು. ಆಮೇಲೆ ನಿಮ್ಮ ಆದೇಶ ಬಂತು: ಪರಂಪರೆಗೆ ಧಕ್ಕೆ ತಂದವರು ಈ ನೆಲ ಕೊಳ್ಳಲು ಅರ್ಹರಲ್ಲ. ಭಲೇ! ಗೋಡೆಯನ್ನು ಇಷ್ಟು ಕಾಲ ಬದುಕಿಸಿದವರು ಧಕ್ಕೆ ತಂದವರು. ಅದರ ಬುಡದಲ್ಲಿ ನೀರು ನಿಲ್ಲಿಸಿ ಪ್ರವಾಸಿಗರನ್ನು ಈಜಾಡಿಸುವವರು ಸಂರಕ್ಷಕರು. ಈ ಜಾಣತನ ನಿಮ್ಮ ಕಚೇರಿಗೇ ಇರಲಿ.

ಆದರೆ ನನ್ನ ಸಂಕಟ ಗೋಡೆಯದಲ್ಲ. ನಮ್ಮಲ್ಲಿ ಮಗುವಿನ ಹೊಕ್ಕುಳಬಳ್ಳಿ ಉದುರಿದಾಗ, ಗಂಡಾದರೆ ಮರದ ಕೊಂಬೆಗೆ ಕಟ್ಟುತ್ತಾರೆ, ಹೆಣ್ಣಾದರೆ ಒಲೆಯ ಕೆಳಗೆ ಹೂಳುತ್ತಾರೆ. ನಿಮ್ಮದೂ ಯಾವುದೋ ಕೊಂಬೆಯಲ್ಲಿ ಒಣಗಿದ್ದೀತು, ನಿಮ್ಮ ತಾಯಿಯನ್ನು ಕೇಳಿ ನೋಡಿ. ಆ ಒಲೆಯ ಕೆಳಗೆ ನನ್ನದಿದೆ, ನನ್ನ ಅಕ್ಕ ಎಲುವಿಯಾಳದಿದೆ. ಅಂತರ್ಯುದ್ಧದ ವರ್ಷಗಳಲ್ಲಿ ಮಾರುಕಟ್ಟೆಯಿಂದ ಬರುತ್ತಿದ್ದ ಅಕ್ಕನನ್ನು ಸೈನ್ಯದವರು ಜೀಪಿನಲ್ಲಿ ಎತ್ತಿಕೊಂಡು ಹೋದರು. ಟೀಚರ್ ಆಗಬೇಕೆಂದು ಓದುತ್ತಿದ್ದಳು. ಹೆಣ ಸಿಗಲಿಲ್ಲ, ಮೂಳೆಯೂ ಸಿಗಲಿಲ್ಲ. ಸತ್ತವರ ಹಬ್ಬಕ್ಕೆ ಊರಿನವರೆಲ್ಲ ಸ್ಮಶಾನಕ್ಕೆ ಹೋದರೆ, ಅಮ್ಮ ಮಾತ್ರ ಒಲೆಯ ಮುಂದೆ ಚೆಂಡುಹೂ ಹರಡಿ ಕೂರುತ್ತಾಳೆ. "ಎಲುವಿಯಾ, ಊಟ ಆರೋಗ್ತಿದೆ, ಬಾರೇ." ನನ್ನ ಅಕ್ಕನ ಸಮಾಧಿ ಅಂತ ಇರುವುದು ಅದೊಂದೇ.

ಮೇಲ್ಮನವಿ ಹಾಕಿದ್ದೇವೆ, ಮರಳಿ ಬರುತ್ತೇವೆ ಎಂಬ ನಂಬಿಕೆಯಿಂದ ಮನೆ ಬಿಡುವಾಗ ಒಲೆಯನ್ನು ಅಲುಗಿಸಲಿಲ್ಲ. ಮನವಿ ಫಲಿಸಲಿಲ್ಲ, ಈಗ ಗೇಟಿಗೆ ಬೀಗ ಬಿದ್ದಿದೆ. ಒಂದು ಬುಟ್ಟಿ ಮಣ್ಣು ಬೇಕೆಂದು ಅಂಗಲಾಚಿದರೆ ಕಾವಲುಗಾರ ಅಂದ: "ಪಾರಂಪರಿಕ ಜಾಗದ ಮಣ್ಣಮ್ಮಾ, ಆಫೀಸಿನೋರು ಹೇಳ್ದೆ ಒಂದು ಹಿಡಿನೂ ಕೊಡೋ ಹಾಗಿಲ್ಲ." ಈಜುಕೊಳದ ಮಣ್ಣು ಲಾರಿಗಟ್ಟಲೆ ಹೋಗುವುದಕ್ಕೆ ಮಾತ್ರ ನಿಮ್ಮ ಅಪ್ಪಣೆ ಇದೆಯಲ್ಲವೇ?

ನೆಲ ವಾಪಸ್ ಕೊಡಿ ಎಂದು ನಾನು ಇನ್ನು ಕೇಳುವುದಿಲ್ಲ. ಗುಂಡಿ ತೋಡುವ ಮುನ್ನ ಒಂದು ಬೆಳಗ್ಗೆ ಗೇಟು ತೆರೆಸಿ. ಅಮ್ಮ ತನ್ನ ಕೈಯಿಂದಲೇ ಆ ಮಣ್ಣು ತೆಗೆಯಲಿ. ಅದನ್ನು ಸುತ್ತಲು ಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದಾಳೆ. ಇಷ್ಟು ಚಿಕ್ಕದು ಸಾಕೇ ಎಂದು ನಿನ್ನೆ ಕೇಳಿದೆ. ತಲೆ ಎತ್ತದೆ ಅಂದಳು: "ಹುಟ್ಟಿದಾಗ ಅವಳು ಇಷ್ಟೇ ಇದ್ಲು."

ಇಂತಿ,
ತನ್ನ ಒಲೆಯ ಮಣ್ಣಿಗೂ ಅರ್ಜಿ ಹಾಕಬೇಕಾಗಿ ಬಂದ
ಒಟಿಲಿಯಾ ಶಿಕಾಯ್