ಎರಡು-ಆರರ ಹಸಿರು ಬಳೆ

ಚಾಮರಾಜಪೇಟೆ, ಬೆಂಗಳೂರು
19 ಆಗಸ್ಟ್ 2025, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ರಕ್ಷಿತಾಳ ನಮಸ್ಕಾರ. ಮಾಗಡಿಯಲ್ಲಿ ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಫೋನ್ ಮಾಡಿ "ಏನೇ, ಸಿಹಿ ಸುದ್ದಿ ಎಲ್ಲಿಗೆ ಬಂತು?" ಎಂದು ಕೇಳಿದಾಗಲೆಲ್ಲ "ಗೌರಿ ಹಬ್ಬದ ಬಳೆ ವ್ಯಾಪಾರ, ಅಂಗಡೀಲಿ ಜನ" ಎಂದು ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ನಿಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ನಿಮ್ಮತ್ತೆಯವರು ಪಕ್ಕದಲ್ಲಿರುತ್ತಾರೆ. ಕೆಲವು ಮಾತನ್ನು ನಾನು ಬರೆದೇ ಹೇಳಬೇಕು.

ಇವತ್ತು ನನಗೆ ಎಷ್ಟು ಸಂತೋಷವೆಂದರೆ, ಬಳೇಪೇಟೆಯಿಂದ ಮನೆಯವರೆಗೆ ಬಸ್ಸು ಹತ್ತದೆ ನಡೆದೇ ಬಂದೆ. ಮೇ ತಿಂಗಳಲ್ಲಿ ಅಂಗಡಿಯ ಅಟ್ಟಕ್ಕೆ ಹತ್ತುವಾಗ ನಡುವಿನ ಮೆಟ್ಟಿಲಲ್ಲೇ ಕೂತುಬಿಡುತ್ತಿದ್ದೆ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಬೇಸಿಗೆಯಲ್ಲಿ ನನಗೆ ಮುಟ್ಟು ನಿಂತಿದ್ದು ನಿನಗೆ ಗೊತ್ತು. ಎಷ್ಟು ಮಲಗಿದರೂ ನಿದ್ದೆ ಸಾಲದು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಬೇಕು. ಕೂದಲು ಉದುರುತ್ತಿತ್ತು, ದನಿ ಒಡೆದಿತ್ತು. ನಾನು ಕೆಲಸ ಮಾಡುವ ಬಳೆ ಅಂಗಡಿಯ ಯಜಮಾನಿ ಗುರುಬಸಮ್ಮನವರು ಒಂದು ದಿನ ನನ್ನ ಕೈ ಹಿಡಿದು ಗೆಣ್ಣು ಒತ್ತಿ ನೋಡಿದರು. ಅವರು ಯಾರ ಕೈಯನ್ನೂ ಅಳೆಯುವುದಿಲ್ಲ, ಒತ್ತಿದರೆ ಅಳತೆ ಗೊತ್ತಾಗುತ್ತದೆ. ನನ್ನದು ಎರಡು-ನಾಲ್ಕರ ಸಣ್ಣ ಕೈ.

"ಎರಡು-ಆರು ಆಗೋಗಿದೆಯಲ್ಲೇ. ಕೈ ತುಂಬ್ಕೊಂಡಿದೆ, ಮುಖಾನೂ ತುಂಬ್ಕೊಂಡಿದೆ. ಎಷ್ಟು ತಿಂಗ್ಳು?" ಎಂದರು.

ನಾನು ನಾಚಿ ತಲೆ ತಗ್ಗಿಸಿದೆ. ಅದನ್ನೇ ಅವರು ಉತ್ತರವೆಂದುಕೊಂಡರು. ಗುರುಬಸಮ್ಮನವರ ಕೈ ಹೇಳಿದ ಮೇಲೆ ಪೇಟೆಯಲ್ಲಿ ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕಿಟ್ ಕೇಳಲು ನನಗೂ ಬಾಯಿ ಬರಲಿಲ್ಲ. ಮದುವೆಯಾಗಿ ನಾಲ್ಕು ವರ್ಷ ಕಾದಿದ್ದೆವಲ್ಲ, ಎಲ್ಲರಿಗೂ ನಂಬುವ ಆಸೆಯೇ ಇತ್ತು. ನಮ್ಮತ್ತೆ ಸುಬ್ಬಮ್ಮನವರಂತೂ ಐದನೇ ತಿಂಗಳ ಶಾಸ್ತ್ರದವರೆಗೆ ಕಾಯಲಿಲ್ಲ. ಅಂಗಡಿಗೇ ಬಂದು ನನ್ನ ಎರಡೂ ಕೈಗೆ ಎರಡು-ಆರರ ಹಸಿರು ಗಾಜಿನ ಬಳೆ ತೊಡಿಸಿದರು.

ಜೂನ್ ಹತ್ತಿರ ಬಂದಾಗ ಹೆರಿಗೆಗೆ ಹೆಸರು ಬರೆಸಲು ಡಾಕ್ಟರ್ ಚೈತನ್ಯಾ ಅವರ ಕ್ಲಿನಿಕ್ಕಿಗೆ ಹೋದೆವು. ಮೂತ್ರದ ಪರೀಕ್ಷೆಯಲ್ಲಿ ಏನೂ ಇಲ್ಲ. ಸ್ಕ್ಯಾನಿನಲ್ಲೂ ಇಲ್ಲ. ಆಮೇಲೆ ಅವರು ನನ್ನ ಕುತ್ತಿಗೆ ಮುಟ್ಟಿ, ಎಂಜಲು ನುಂಗಲು ಹೇಳಿ, ರಕ್ತಪರೀಕ್ಷೆಗೆ ಬರೆದರು.

ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಅರವತ್ತೆರಡು ಎಂದು ದಪ್ಪ ಅಕ್ಷರದಲ್ಲಿತ್ತು. ಇರಬೇಕಾದದ್ದು ಹೆಚ್ಚೆಂದರೆ ನಾಲ್ಕೂವರೆ. ನಮ್ಮ ಯಜಮಾನರು ಗೌರೀಶ್ ಎಲ್ಲ ತಿಳಿದವರ ಹಾಗೆ, "ಥೈರಾಯ್ಡ್ ಜಾಸ್ತಿ ಓಡ್ತಿದೆ ಮೇಡಂ, ಕಮ್ಮಿ ಮಾಡೋಕೆ ಏನಾದ್ರೂ ಕೊಡಿ" ಎಂದರು.

"ಇವ್ರು ಓಡ್ತಿರೋ ಹಾಗೆ ಕಾಣ್ತಾರಾ ನಿಮ್ಗೆ? ಕೂತಲ್ಲೇ ತೂಕಡಿಸ್ತಿದಾರೆ" ಎಂದು ಡಾಕ್ಟರ್ ನಕ್ಕು ನನ್ನ ಕಡೆ ತಿರುಗಿದರು. "ಗೋಡೌನಿಂದ ಮಾಲು ಬರ್ಲಿಲ್ಲ ಅಂದ್ರೆ ನಿಮ್ಮ ಯಜಮಾನಿ ಏನ್ಮಾಡ್ತಾರಮ್ಮಾ?"

"ಕೂಗ್ತಾರೆ."

"ಆಗ್ಲೂ ಬರ್ಲಿಲ್ಲ ಅಂದ್ರೆ?"

"ಚಿಕ್ಕಪೇಟೆಗೆ ಕೇಳೋ ಹಾಗೆ ಕೂಗ್ತಾರೆ."

"ಆ ಕೂಗೇ ಟಿ.ಎಸ್.ಎಚ್. ತಲೇಲಿರೋ ಗ್ರಂಥಿ ಕೂಗೋದು, ಕುತ್ತಿಗೇಲಿರೋದು ಮಾಲು ಕಳ್ಸೋದು. ನಿಮ್ಮ ಕುತ್ತಿಗೇದು ನಿದ್ದೆ ಹೋಗಿದೆ, ಅದಕ್ಕೇ ಕೂಗು ಅರವತ್ತೆರಡು. ಕೆಳಗೆ ಟಿ-4 ನೋಡಿ, ಅದು ಮಾಲು. ಎಷ್ಟು ಕಮ್ಮಿ ಇದೆ. ಮುಟ್ಟು ನಿಂತಿದ್ದು, ಕೈ ಊದಿದ್ದು ಎಲ್ಲಾ ಇದ್ರಿಂದಲೇ."

ಅಕ್ಕ, ನನಗೆ ತಟ್ಟನೆ ಅರ್ಥವಾಯಿತು. ಕೂಗು ಜೋರಾದರೆ ಕೆಲಸ ಕಮ್ಮಿ ಎಂದು. ಕೂಗು ತೀರಾ ಇಳಿದು ಮಾಲು ರಾಶಿ ಬಿದ್ದಿದ್ದರೆ ಆಗ ಥೈರಾಯ್ಡ್ ಜಾಸ್ತಿ ಓಡುತ್ತಿದೆ ಎಂದಂತೆ. ಅಂಥವರು ಸೊರಗುತ್ತಾರಂತೆ, ಕೈ ನಡುಗುತ್ತದಂತೆ, ಎದೆ ಹೊಡೆದುಕೊಳ್ಳುತ್ತದಂತೆ. ಅದಕ್ಕೆ ಬೇರೆ ಔಷಧಿ.

ನನಗೆ ಒಂದು ಸಣ್ಣ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬರಿ ನೀರಿನಲ್ಲಿ ನುಂಗಬೇಕು. ಒಂದು ಗಂಟೆ ಕಾಫಿ ಇಲ್ಲ. ಹುಷಾರಾದೆನೆಂದು ನಾನಾಗೇ ನಿಲ್ಲಿಸುವಂತಿಲ್ಲ. ಅತ್ತೆ ದಿನಾ ಡಿಕಾಕ್ಷನ್ ಪಾತ್ರೆಗೆ ಕಾವಲು ಕೂರುತ್ತಾರೆ. "ಇನ್ನೂ ಟೈಮ್ ಆಗಿಲ್ಲ, ಮೂಸ್ಬೇಡ, ಆ ಕಡೆ ಹೋಗು" ಎಂದು ಗದರುತ್ತಾರೆ. ನನಗಾಗಿ ಅವರೂ ಆ ಒಂದು ಗಂಟೆ ಕುಡಿಯುವುದಿಲ್ಲ.

ಇವತ್ತು ಎರಡನೇ ರಿಪೋರ್ಟ್ ಬಂತು. ಇಂಗ್ಲಿಷ್ ಬಾರದಿದ್ದರೂ ಅಂಕಿ ಗೊತ್ತಲ್ಲ, ಇವರ ಕೈಯಿಂದ ಕಿತ್ತುಕೊಂಡು ನಾನೇ ಓದಿದೆ. ಮೂರು ಪಾಯಿಂಟ್ ಒಂದು. ಕೂಗು ನಿಂತಿದೆ ಅಕ್ಕ. ಮುಟ್ಟೂ ಸರಿಯಾಗಿದೆ. ಡಾಕ್ಟರ್ ಹೇಳಿದರು, "ಮಗು ಬೇಕು ಅಂದ್ರೆ ಇನ್ನು ಯೋಚ್ನೆ ಮಾಡ್ಬಹುದು. ಬಸುರು ನಿಂತಿದೆ ಅಂತ ಗೊತ್ತಾದ ತಕ್ಷಣ ಬನ್ನಿ, ಮಾತ್ರೆ ಜಾಸ್ತಿ ಮಾಡ್ಬೇಕಾಗತ್ತೆ. ಆದ್ರೆ ಬಳೆ ಅಂಗಡೀಲಿ ಗೊತ್ತು ಮಾಡ್ಕೋಬೇಡಿ." ಇವರು ದಾರಿಯಲ್ಲಿ, "ಈ ಸಲ ಕಿಟ್ ನಾನೇ ತರ್ತೀನಿ, ನೀನು ನಾಚ್ಕೊಂಡು ನಿಂತಿರು" ಎಂದು ರೇಗಿಸಿದರು. ಎಷ್ಟೋ ದಿನದ ಮೇಲೆ ನಾನು ದನಿ ತೆಗೆದು ನಕ್ಕೆ.

ಇದು ಅಕ್ಕತಂಗಿಯರಲ್ಲಿ ಬರುವುದುಂಟಂತೆ. ನೀನೂ ಒಮ್ಮೆ ರಕ್ತ ಕೊಟ್ಟು ನೋಡಿಸು. ಭಾವನಿಗೆ ನಮಸ್ಕಾರ, ಪುಟ್ಟಿಗೆ ಚಿಕ್ಕಮ್ಮನ ಮುತ್ತು. ನೀನು ಅಲ್ಲಿಂದಲೇ ನನ್ನ ತಲೆ ಮುಟ್ಟಿ ಹರಸು.

ನಿನ್ನ ತಂಗಿ,
ರಕ್ಷಿತಾ

ತಾ.ಕ.: ಡಾಕ್ಟರ್ ಮಗು ಇಲ್ಲವೆಂದ ದಿನವೇ ಹಸಿರು ಬಳೆ ತೆಗೆಯಲು ಕೂತೆ. ಊತ ಇನ್ನೂ ಏರಿತ್ತು, ಸೋಪು ಹಾಕಿದರೂ ಬರಲಿಲ್ಲ. ಒಡೆಯಲು ಅತ್ತೆ ಬಿಡಲಿಲ್ಲ. ಅಂಗಡಿಗೆ ಬಂದ ಹೆಂಗಸರು ಅವನ್ನು ನೋಡಿ "ಎಷ್ಟು ತಿಂಗ್ಳಮ್ಮಾ?" ಎನ್ನುತ್ತಿದ್ದರು. ನಾನು ಅವರ ಕೈಗೆ ಬಳೆ ಏರಿಸುತ್ತಾ ತಲೆ ತಗ್ಗಿಸುತ್ತಿದ್ದೆ. ಹೋದ ವಾರ ಪಾತ್ರೆ ತೊಳೆಯುವಾಗ ಒಂದೊಂದೇ ತಾವಾಗಿ ಜಾರಿ ಬಂದವು. ಒಂದೂ ಒಡೆದಿಲ್ಲ. ಗುರುಬಸಮ್ಮನವರು ನನ್ನ ಕೈ ಹಿಡಿದು, "ನನ್ ಕೈ ತಪ್ಪಿತು ಮಗಳೇ. ಮುಂದಿನ್ ಸಲ ಡಾಕ್ಟರ್ ಹೇಳಿದ್ಮೇಲೆ, ನಿನ್ನ ಎರಡು-ನಾಲ್ಕರಲ್ಲೇ ತೊಡಿಸ್ತೀನಿ" ಎಂದರು. ನನಗೂ ಅದೇ ಬೇಕು. ಆದರೆ ಈ ಎರಡು-ಆರನ್ನು ಅಂಗಡಿಗೆ ವಾಪಸ್ಸು ಕೊಡಲಿಲ್ಲ, ಸೀರೆಯ ಮಡಿಕೆಯಲ್ಲಿಟ್ಟಿದ್ದೇನೆ. ಆ ಮಗು ಇರಲೇ ಇಲ್ಲವೆಂದು ಎಲ್ಲರೂ ಹೇಳುತ್ತಾರೆ, ನಿಜವೇ. ನನಗೆ ಮಾತ್ರ ಇಡೀ ಬೇಸಿಗೆ ಇತ್ತು ಅಕ್ಕ.