ಗಾಡಿಯಿಲ್ಲದ ಮನೆಯ ಹಾರ್ನು

ಇನ್ನೂ ಮುಖ ತೋರಿಸದ ನನ್ನ ಬಂಗಾರವೇ,

ನೀನು ಓದಲು ಕಲಿತ ಮೇಲೆ ಓದಿಕೊಳ್ಳಲೆಂದು ಇದನ್ನು ಬರೆಯುತ್ತಿದ್ದೇನೆ. ಸದ್ಯಕ್ಕೆ ನಮ್ಮಿಬ್ಬರ ಪಾಡೂ ಒಂದೇ. ನೀನು ನನ್ನ ಹೊಟ್ಟೆಯಲ್ಲಿ, ನಾನು ಈ ಬೆಟ್ಟದ ಹೊಟ್ಟೆಯಲ್ಲಿ. ನೀನಾದರೂ ದಿನ ತುಂಬಿದರೆ ಯಾರನ್ನೂ ಕೇಳದೆ ಹೊರಗೆ ಬಂದುಬಿಡುತ್ತೀಯ. ನಾನು ಹೊರಗೆ ಹೋಗಬೇಕಾದರೆ ಒಂದು ಕಬ್ಬಿಣದ ಗೇಟು, ಅದಕ್ಕೊಂದು ಬೀಗ, ಆ ಬೀಗವನ್ನು ಹೆಂಡತಿಗಿಂತ ಹೆಚ್ಚು ನಂಬುವ ಒಬ್ಬ ಮನುಷ್ಯ, ಇಷ್ಟೂ ಒಪ್ಪಬೇಕು. ಎಲ್ಲಿ ಕೂತು ಬರೆಯುತ್ತಿದ್ದೇನೆ ಎಂಬುದನ್ನು ಮಾತ್ರ ಈಗಲೇ ಹೇಳುವುದಿಲ್ಲ. ಹೇಳಿದರೆ ಶುರುವಿನಲ್ಲೇ ನಿನ್ನ ಅಜ್ಜಿಯ ಮರ್ಯಾದೆ ಕಳೆದಂತಾಗುತ್ತದೆ.

ನಾನು ಇಲ್ಲಿಗೆ ಬಂದದ್ದು ನನ್ನ ಖುಷಿಯಿಂದಲೇ, ಯಾರೂ ಕೈಹಿಡಿದು ಎಳೆದು ತರಲಿಲ್ಲ. ಆಗ ನಾಲ್ಕು ರಸ್ತೆ ಕೂಡುವ ಕಡೆ, ಮೂರನೇ ಮಹಡಿಯ ಒಂದು ಕೋಣೆಯಲ್ಲಿದ್ದೆ. ಸಿಗ್ನಲ್ಲಿನ ದೀಪ ಹಸಿರಾದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಫೋನು ಮಾಡಿದವರು "ನೀನೇನು ರಸ್ತೇಲೇ ಮಲಗ್ತೀಯಾ?" ಎಂದು ಕೇಳುತ್ತಿದ್ದರು. ಒಮ್ಮೆ ರಜೆ ಸಿಕ್ಕಿದಾಗ ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು, ಗಾಡಿಗಳೇ ಓಡಾಡದ ಬೆಟ್ಟದ ದಾರಿ ಎಂದು ಹೆಸರಾದ ಈ ಕಡೆ ಹೊರಟೆ. ಕೆಳಗಿನ ಗೇಟಿನ ಪಕ್ಕದ ಸಂದಿಯಲ್ಲಿ ಸೈಕಲ್ಲು ತೂರಿಸಿಕೊಂಡು ಬಂದ ಮೇಲೆ ಇಡೀ ಏರಿನಲ್ಲಿ ಎದುರಾದದ್ದು ಒಂದು ಕತ್ತೆ. ಅದೂ ಬದಿಗೆ ಸರಿದು ದಾರಿ ಬಿಟ್ಟಿತು. ತಿರುವಿನಲ್ಲಿ ಇಳಿದು ನಿಂತರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಅತ್ತುಬಿಟ್ಟೆ, ಬಂಗಾರ. ಸುಖಕ್ಕೆ.

ಸೈಕಲ್ಲಿನವರಿಗೆ ಊಟ, ರೂಮು ಕೊಡುವ ಈ ಮನೆಯ ಮುಂದೆಯೇ ಚೈನು ಕಡಿಯಿತು. ಒಳಗಿಂದ ಕೈಯೆಲ್ಲ ಗ್ರೀಸು ಮಾಡಿಕೊಂಡು ಬಂದವನು ನಿನ್ನ ಅಪ್ಪ. ಚಹಾ ಕುದಿಯುವಷ್ಟರಲ್ಲಿ ಮುಗಿಯುವ ಕೆಲಸವನ್ನು ಸಂಜೆಯವರೆಗೆ ಎಳೆದ. "ಕೊಂಡಿ ಸರಿಯಾಗಿ ಕೂರ್ತಿಲ್ಲ, ಇವತ್ತು ಇಲ್ಲೇ ಉಳ್ಕೊಳಿ" ಎಂದ. ಕೊಂಡಿ ಸರಿಯಾಗಿಯೇ ಕೂತಿತ್ತು ಎಂದು ಮದುವೆಯಾದ ಮೇಲೆ ಒಪ್ಪಿಕೊಂಡ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನನಗೆ ಹತ್ತಿರದಿಂದಲೂ ನುಣ್ಣಗೇ ಕಂಡಿತು, ಏನು ಮಾಡಲಿ?

ಈ ದಾರಿಗೆ ಬೀಗ ಬಿದ್ದ ಕಥೆಯನ್ನು ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ಬಂದವರಿಗೆಲ್ಲ ಹೇಳುವುದಿಲ್ಲ, ಮನೆಯವರಿಗೆ ಮಾತ್ರ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸೈಕಲ್ಲಿನವರಿಗಾಗಿ ಒಂದು ದಾರಿಯನ್ನು ಬಿಟ್ಟುಕೊಡಬೇಕು ಎಂದು ಸರ್ಕಾರದವರು ಯೋಚಿಸಿದಾಗ ಎರಡು ರಸ್ತೆಗಳು ಕಣದಲ್ಲಿದ್ದವಂತೆ. ಒಂದು ನಮ್ಮದು, ಇನ್ನೊಂದು ಆಚೆ ಕಣಿವೆಯದು. ಯಾವುದರಲ್ಲಿ ಗಾಡಿ ಕಡಿಮೆಯೋ ಅದನ್ನು ಆರಿಸುವುದು ಎಂದಾಯಿತು. ಗಾಡಿ ಎಣಿಸಿಕೊಂಡು ಹೋಗಲು ಆಫೀಸಿನಿಂದ ಒಬ್ಬ ಹುಡುಗಿ ಬರುತ್ತಾಳೆಂದು ಗೊತ್ತಾದದ್ದೇ ತಡ, ಅಜ್ಜಿ ಸೆರಗು ಸಿಕ್ಕಿಸಿದರು, ಸೈಕಲ್ಲಿನವರು ಬಂದರೆ ತಾನೇ ನಮ್ಮ ರೂಮು ತುಂಬುವುದು. ಹಾಲಿನ ವ್ಯಾನಿನವನಿಗೆ "ನಾಳೆ ಕೆಳಗೇ ನಿಲ್ಸಪ್ಪಾ, ಕ್ಯಾನು ನಾವೇ ಇಳಿಸ್ಕೊಂಡ್ ಬರ್ತೀವಿ" ಎಂದರು. ಮನೆಯ ಜೀಪನ್ನು ಹಿಂದಿನ ಕೊಟ್ಟಿಗೆಗೆ ತಳ್ಳಿಸಿ, ಟಾರ್ಪಾಲು ಹೊದಿಸಿ, ಮುಂದೆ ಸೌದೆ ಒಟ್ಟಿಸಿದರು. ಆ ಹುಡುಗಿ ಕೊಡೆಯ ಕೆಳಗೆ ಕೂತು ಗಾಡಿಗಳಿಗೆ ಕಾದು ಕಾದು ತೂಕಡಿಸಿದಳು. ಎರಡು ಸಲ ಚಹಾ ಕೊಟ್ಟು ಎಬ್ಬಿಸಿದವರೂ ಅಜ್ಜಿಯೇ. ನಮ್ಮ ದಾರಿ ಗೆದ್ದಿತು.

ಆಮೇಲೆ ಎರಡೂ ತುದಿಗೆ ಗೇಟು ಬಂತು. ಕಾವಲಿಗೆ ಬಂದ ಬೀಗದಣ್ಣ ಮನೆಮನೆಗೂ ಹೋಗಿ, ಯಾರ ಹತ್ತಿರ ಗಾಡಿಯಿದೆಯೋ ಅವರಿಗೆ ಒಂದೊಂದು ಕೀಲಿ ಕೊಟ್ಟ. ಅವರೆಲ್ಲ ಆಮೇಲೆ ಒಬ್ಬೊಬ್ಬರಾಗಿ ಗಾಡಿ ಸಮೇತ ಪೇಟೆಗೆ ಇಳಿದು ಹೋದರು. ನಮ್ಮ ಬಾಗಿಲಿಗೂ ಬಂದ. ಎಣಿಕೆಯ ದಿನ ಬಚ್ಚಿಟ್ಟ ಜೀಪನ್ನು ಈಗ ತೋರಿಸಲಾಗದೆ ಅಜ್ಜಿ ಏನು ಹೇಳಿದರು ಗೊತ್ತೇ? "ನಮಗ್ಯಾಕಪ್ಪಾ ಕೀಲಿ? ಗಾಡಿ ಇದ್ರೆ ತಾನೇ?" ಅವನು ಕೈಮುಗಿದು ಹೋದ. ಕೆಲವು ದಿನಕ್ಕೆ ಆಫೀಸಿನವರೇ ಬಂದು 'ಗಾಡಿಯಿಲ್ಲದ ಮನೆ' ಎಂಬ ಹಸಿರು ಬೋರ್ಡು ನೇತುಹಾಕಿದರು. ಆ ಬೋರ್ಡು ನೋಡಿಯೇ ನಮ್ಮಲ್ಲಿಗೆ ಜನ ಬರುವುದು, ಚೈನು ಕಡಿದ ದಿನ ನಾನೂ ಅದನ್ನು ನೋಡಿಯೇ ಒಳಗೆ ಕಾಲಿಟ್ಟವಳು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನಮ್ಮ ಮನೆಯ ಸುಳ್ಳಿಗೆ ನಾಲ್ಕು ಚಕ್ರವಿದೆ, ಹೋಗಲು ದಾರಿಯಿಲ್ಲ. ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಅತಿಥಿಗಳೆಲ್ಲ ಸೈಕಲ್ಲು ಹತ್ತಿ ಹೋದ ಮೇಲೆ ನಿನ್ನ ಅಪ್ಪ ಆಗಾಗ ಕಳ್ಳನಂತೆ ಜೀಪನ್ನು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಗುರುಗುಟ್ಟಿಸಿ, ಒರೆಸಿ, ಮತ್ತೆ ಹೊದಿಸಿಡುತ್ತಾನೆ.

ನೀನು ಬರುವ ಸುದ್ದಿ ತಿಳಿಯುವವರೆಗೆ ಇದು ನನಗೂ ತಮಾಷೆಯಾಗಿತ್ತು. ನನ್ನ ಸೈಕಲ್ಲಿತ್ತು, ಕಾಲಿತ್ತು, ಬೇಜಾರಾದರೆ ಇಳಿದು ಹೋಗುತ್ತಿದ್ದೆ. ನೀನು ತುಸು ದೊಡ್ಡದಾದ ಮೇಲೆ ಸೈಕಲ್ಲು ನಿನ್ನ ಅಪ್ಪ ಸೈಕಲ್ ರಿಪೇರಿ ಮಾಡುವ ವರ್ಕ್‌ಶಾಪಿನ ಗೋಡೆಯ ಕೊಕ್ಕೆಗೆ ಏರಿತು. ಯಾರೋ ಅತಿಥಿಯ ಚಕ್ರ ಸೊಟ್ಟಗಾಯಿತೆಂದು ನಿನ್ನ ಅಪ್ಪ ನನ್ನ ಮುಂದಿನ ಚಕ್ರ ಬಿಚ್ಚಿ ಕೊಟ್ಟ. "ನೀನು ಹೆಂಗೂ ಓಡ್ಸಲ್ಲವಲ್ಲ" ಎಂದ. ಕೆಟ್ಟ ಮಾತಲ್ಲ ಅದು, ನಿಜವಾದ ಮಾತೇ. ಆದರೂ ಅವತ್ತಿನಿಂದ ವರ್ಕ್‌ಶಾಪಿನ ಬಾಗಿಲು ದಾಟುವಾಗ ನಾನು ಆ ಗೋಡೆಯ ಕಡೆ ನೋಡುವುದಿಲ್ಲ.

ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಎಷ್ಟು ಪುಣ್ಯವಂತರಪ್ಪಾ ನೀವು, ಇಂಥ ಜಾಗದಲ್ಲಿದೀರಿ!" ನಾನು ಹಾಸಿಗೆ ಮಡಚುತ್ತಾ ನಗುತ್ತೇನೆ. ಅವರಿಗೆ ಈ ಮೌನ ಎರಡು ದಿನದ್ದು. ಮೂರನೆಯ ದಿನ ಬೆಳಿಗ್ಗೆ ಹೆಲ್ಮೆಟ್ ಕಟ್ಟಿಕೊಂಡು ಕೈಬೀಸಿ ಹೋಗುತ್ತಾರೆ. ನನಗೆ ಕೈಬೀಸುವುದೇ ಉದ್ಯೋಗ. ಹೋದ ಸೀಸನ್ನಿನಲ್ಲಿ ಮೇಲಿನ ತಿರುವಿನಲ್ಲಿ ಒಬ್ಬರು ಬಿದ್ದು ತೊಡೆ ಮುರಿದುಕೊಂಡರು. ಆಂಬ್ಯುಲೆನ್ಸ್ ಬಂದು ಕೆಳಗಿನ ಗೇಟಿನಾಚೆ ನಿಂತಿತು. ಬೀಗದಣ್ಣ ಮೇಲಿನ ಗೇಟಿನ ಕಡೆ ಹೋಗಿದ್ದ. ಕೊನೆಗೆ ಸೌದೆ ತರುವ ತಳ್ಳುಗಾಡಿಯಲ್ಲಿ ಆ ಮನುಷ್ಯನನ್ನು ಮಲಗಿಸಿ ಇಳಿಸಿದರು. ಒಂದೊಂದು ಕಲ್ಲಿಗೂ ಆತ ಕಿರುಚುತ್ತಿದ್ದ. ಆ ಕಿರುಚಾಟ ಬಿಟ್ಟರೆ ಬೆಟ್ಟದಲ್ಲಿ ಬೇರೆ ಸದ್ದಿರಲಿಲ್ಲ. ಆ ತಳ್ಳುಗಾಡಿ ಈಗಲೂ ಅಂಗಳದಲ್ಲಿದೆ. ನನಗೆ ಅದನ್ನು ಕಂಡರೆ ಭಯ, ಬಂಗಾರ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನರ್ಸಮ್ಮ ಬ್ಯಾಟರಿ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬಂದರು. ಬಿಪಿ ನೋಡಿದರು, ನನ್ನ ಪಾದ ಒತ್ತಿ ನೋಡಿದರು, ಒತ್ತಿದ ಗುಳಿ ಹಾಗೇ ನಿಂತಿತು. "ನಡೀಬೇಡ, ಸೈಕಲ್ ಅಂತೂ ಬೇಡವೇ ಬೇಡ. ಆದ್ರೆ ಈ ವಾರವೇ ಕೆಳಗೆ ಆಸ್ಪತ್ರೆ ಹತ್ರ ಬಂದ್ಬಿಡಮ್ಮಾ" ಎಂದರು. ಆಮೇಲೆ, "ಜೋರು ಸದ್ದಾದ್ರೆ ಮಗು ಬೆಚ್ಚುತ್ತಾ?" ಎಂದು ಕೇಳಿದರು. ನಾನು ಪೆಚ್ಚಾದೆ. ಇಲ್ಲಿ ಜೋರು ಸದ್ದು ಎಲ್ಲಿಂದ ತರಲಿ? ನಿನ್ನ ಅಜ್ಜಿ ಪಾತ್ರೆಯನ್ನೂ ಬಟ್ಟೆ ಹಾಸಿ ಅದರ ಮೇಲೆ ಇಡುವವರು. ನನ್ನ ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬುದೂ ಗೊತ್ತಿಲ್ಲದಷ್ಟು ಪುಣ್ಯವಂತೆ ನಾನು.

ಬೀಗದಣ್ಣನಿಗೆ ಫೋನು ಮಾಡಿದೆವು. "ಹೊರಗಿನ ಗಾಡಿ ಒಳಗೆ ಬಿಡ್ಬೇಕಾದ್ರೆ ನೋವು ಶುರುವಾಗಿರ್ಬೇಕಮ್ಮಾ, ಸುಮ್‌ಸುಮ್ನೆ ತೆಗೆಯಂಗಿಲ್ಲ. ಸ್ವಂತ ಗಾಡಿ ಇದ್ರೆ ಮಾತು ಬೇರೆ" ಎಂದ. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಒಲೆಯ ಕಡೆ ನೋಡಿದರು. "ಸೀಸನ್ ಮುಗೀಲಿ ಕಣಮ್ಮ, ಬೋರ್ಡ್ ಹೋದ್ರೆ ಆರೂ ರೂಮು ಖಾಲಿ" ಎಂದರು. ನಿನ್ನ ಅಪ್ಪ ಚಕ್ರದ ಕಡ್ಡಿ ಬಿಗಿಯುತ್ತಾ, "ನೋವು ಬಂದಾಗ ನೋಡೋಣ ಬಿಡು" ಎಂದ. ಅವನಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದುಕೊಳ್ಳಬೇಡ. ಈ ದಾರಿ ತನಗೆ ಮೋಸ ಮಾಡುತ್ತದೆ ಎಂದು ಅವನಿಗೆ ಅನಿಸುವುದೇ ಇಲ್ಲ, ಅಷ್ಟೇ.

ಮಧ್ಯಾಹ್ನ ಅತಿಥಿಗಳು ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಚಮಚ ತಟ್ಟೆಗೆ ತಾಗಿದರೂ ಕ್ಷಮೆ ಕೇಳುವ ಜನ. ನಾನು ಕೊಟ್ಟಿಗೆಗೆ ಹೋದೆ. ಸೌದೆಯನ್ನು ಕಾಲಿನಿಂದ ಸರಿಸಿದೆ, ಟಾರ್ಪಾಲು ಎಳೆದೆ, ಹತ್ತಿ ಕೂತು ಹಾರ್ನಿನ ಮೇಲೆ ಎರಡೂ ಕೈ ಇಟ್ಟು ಒತ್ತಿದೆ. ಒತ್ತಿ ಹಿಡಿದೆ. ಎದುರಿನ ಗುಡ್ಡಕ್ಕೆ ಹೋದ ಸದ್ದು ಇನ್ನಷ್ಟು ದೊಡ್ಡದಾಗಿ ವಾಪಸು ಬಂತು. ಅತಿಥಿಗಳು ಚಮಚ ಹಿಡಿದೇ ಎದ್ದು ನಿಂತರು. ಅಜ್ಜಿ ಸೌಟು ಹಿಡಿದು ಓಡಿ ಬಂದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ನನ್ನ ಮುಖ ನೋಡಿದರು, ಸ್ಟೀರಿಂಗಿಗೂ ನನಗೂ ನಡುವೆ ಸಿಕ್ಕಿಕೊಂಡಿದ್ದ ನಿನ್ನನ್ನು ನೋಡಿದರು. ಆಮೇಲೆ ಹಿಂದೆಯೇ ಓಡಿ ಬಂದಿದ್ದ ಮಗನ ಕಡೆ ತಿರುಗಿ, "ನಿಂತ್ಕೊಂಡ್ ಏನ್ ನೋಡ್ತೀಯೋ? ಹೋಗಿ ಕೀಲಿ ಇಸ್ಕೊಂಡ್ ಬಾ. ಗಾಡಿ ಇದೆ ಅಂತ ಹೇಳು. ಮೊದಲಿಂದಲೂ ಇತ್ತು ಅಂತಲೂ ಹೇಳು" ಎಂದರು.

ಅವನು ಸೈಕಲ್ಲು ಹತ್ತಿ ಹೋದವನು ಇನ್ನೂ ಬಂದಿಲ್ಲ. ಬೀಗದಣ್ಣ ನಂಬುತ್ತಾನೋ, ಆಫೀಸಿಗೆ ಹೇಳುತ್ತಾನೋ, ಕೀಲಿ ಇವತ್ತು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅತಿಥಿಗಳಲ್ಲಿ ಇಬ್ಬರು ಆಗಲೇ ಚೀಲ ಕಟ್ಟುತ್ತಿದ್ದಾರೆ. ಅಜ್ಜಿ ಬಂದು ನನ್ನ ಬೆನ್ನಿಗೆ ಒಂದು ದಿಂಬು ಕೊಟ್ಟು ಹೋದರು. ಹೌದು, ನಾನು ಜೀಪಿನಲ್ಲೇ ಕೂತು ಬರೆಯುತ್ತಿದ್ದೇನೆ. ಬಟ್ಟೆಯ ಚೀಲ ಹಿಂದಿನ ಸೀಟಿನಲ್ಲಿದೆ. ಎದುರಿಗೆ ತೆರೆದ ಕೊಟ್ಟಿಗೆ, ಅದರಾಚೆ ನಾನು ಖುಷಿಯಿಂದ ಹತ್ತಿ ಬಂದ ಅದೇ ದಾರಿ. ಅದರ ಕೊನೆಯಲ್ಲಿ ಗೇಟು ಇನ್ನೂ ಮುಚ್ಚಿದೆ.

ಆದರೆ ಒಂದು ಮಾತು ಹೇಳದೆ ಮುಗಿಸಲಾರೆ. ಹಾರ್ನು ಕೂಗಿದಾಗ ನೀನು ಒದ್ದೆ. ಮೆಲ್ಲಗಲ್ಲ, ನನ್ನ ಕೈ ಹಾರ್ನಿನಿಂದ ಜಾರುವಷ್ಟು ಜೋರಾಗಿ. ನಿನಗೆ ಕೇಳಿಸುತ್ತದೆ, ಬಂಗಾರ. ನನ್ನ ಕೂಗಿಗೆ ಈ ಬೆಟ್ಟದಲ್ಲಿ ಮೊದಲು ಓಗೊಟ್ಟ ಜೀವ ನೀನು.

ಹುಟ್ಟಿದ ಕೂಡಲೇ ಊರು ಕೇಳುವಂತೆ ಅಳು. ಯಾರು ಸುಮ್ಮನಿರು ಎಂದರೂ ಸುಮ್ಮನಾಗಬೇಡ. ನೀನು ನಿಲ್ಲುವ ಎಲ್ಲ ಬಾಗಿಲಿಗೂ ನಿನ್ನ ಕೈಯಲ್ಲೇ ಒಂದು ಕೀಲಿಯಿರಲಿ.

ದಾರಿ ಕಾಯುತ್ತಾ ಕೂತಿರುವ,
ನಿನ್ನ ಅಮ್ಮ