ದೀಪ ಹೊತ್ತಿಸಿದ ಹಳ್ಳದ ನೀರು

ಮಾನ್ಯರೇ,

ನರೇಗಲ್ ದಾರಿಯ ನಮ್ಮ ಹಳ್ಳದ ದಂಡೆಯಲ್ಲಿ ‘ಹಳ್ಳವನ್ನು ಮೊದಲಿನ ಸ್ಥಿತಿಗೆ ತರಲಾಗಿದೆ’ ಎಂಬ ಬೋರ್ಡು ನೆಟ್ಟಿದ್ದೀರಿ. ಸುಳ್ಳನ್ನು ಇಷ್ಟು ದುಂಡಗೆ ಬರೆದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಏಳು ತಿಂಗಳ ಹಿಂದೆ ಡೀಸೆಲ್ ಟ್ಯಾಂಕರ್ ಸೇತುವೆಯಿಂದ ಉರುಳಿತು. ನಿಮ್ಮ ಇಲಾಖೆಯವರು ಬಂದು, ಎಣ್ಣೆ ಕುಡಿದ ಉಸುಕಿನ ಮೇಲೆ ನಾಲ್ಕು ಟ್ರ್ಯಾಕ್ಟರ್ ಗರಸು ಮಣ್ಣು ಸುರಿದು, ಫೋಟೋ ತೆಗೆಸಿಕೊಂಡು, ನಮ್ಮದೇ ಚಹಾ ಕುಡಿದು ಹೋದರು. ಗಾಯ ತೊಳೆಯದೆ ಪಟ್ಟಿ ಕಟ್ಟುವುದಕ್ಕೆ ನಿಮ್ಮಲ್ಲಿ ದುರಸ್ತಿ ಎನ್ನುತ್ತಾರೆಯೇ?

ನಮ್ಮ ಕಡೆ ಬಾಣಂತಿ ಗಂಗವ್ವನ ಪೂಜೆ ಮಾಡಿ, ಹಳ್ಳದ ಉಸುಕಿನಲ್ಲಿ ತೋಡಿದ ವರ್ತಿಯಿಂದ ಒಂದು ಕೊಡ ನೀರು ಮನೆಗೆ ತರಬೇಕು. ಅದಾಗದೆ ಗಂಡನ ಮನೆಗೆ ಕಳಿಸುವ ಪದ್ಧತಿಯಿಲ್ಲ. ನಾಲ್ಕು ತಿಂಗಳ ಹಿಂದೆ ನಿಮ್ಮ ಬೋರ್ಡು ನಂಬಿ ಮಗಳು ರೂಪಾಳನ್ನೂ ಅವಳ ಕೂಸನ್ನೂ ಕರೆದುಕೊಂಡು ಹೋದೆವು. ಅರಿಶಿನ, ಕುಂಕುಮ, ಎಲೆ ಅಡಿಕೆ ಎಲ್ಲ ಇತ್ತು. ದೀಪದ ಎಣ್ಣೆ ಮಾತ್ರ ನಾನು ಮನೆಯಲ್ಲಿ ಮರೆತಿದ್ದೆ. ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಮರಿಯವ್ವ ಬಗ್ಗಿ ವರ್ತಿಯ ನೀರು ಮೂಸಿದಳು.

“ಎಣ್ಣಿ ಯಾಕ ಬೇಕಬೇ ಅಕ್ಕಾ? ಸರಕಾರದವ್ರು ಇಲ್ಲೇ ಇಟ್ಟ ಹೋಗ್ಯಾರ!”

ಬತ್ತಿಯನ್ನು ನೀರಿನ ಮೇಲೆ ಎಳೆದು, ಪಣತಿಯಲ್ಲಿಟ್ಟು ಕಡ್ಡಿ ಗೀರಿದಳು. ಹತ್ತಿತು, ಸ್ವಾಮಿ! ಕರ್ರಗಿನ ಹೊಗೆ ಬಿಡುತ್ತ ಚಟಪಟ ಎಂದು ಉರಿಯಿತು. “ಗಂಗವ್ವನ ಮುಂದ ನಗಬ್ಯಾಡ್ರಿ” ಎನ್ನುತ್ತ ರೂಪಾಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಖಾಲಿ ಕೊಡ ಹಿಡಿದು ಮರಳುವಾಗ ನನಗೆ ಅಳು ಬಂತು, ಅದನ್ನೂ ಮುಚ್ಚಿಡುವುದಿಲ್ಲ.

ಅಳಿಯ ಫಕೀರೇಶ ಗಜೇಂದ್ರಗಡದಿಂದ ದಿನಾ ಫೋನು ಮಾಡಿ, “ಅತ್ತಿ, ನೀರು ತಿಳಿ ಆತೇನ್ರಿ?” ಎನ್ನುತ್ತಾನೆ. ಕೂಸಿಗೆ ಹಲ್ಲು ಬರುತ್ತಿವೆ, ಅಪ್ಪನ ಮನೆ ಇನ್ನೂ ಕಂಡಿಲ್ಲ. ನಳಕ್ಕೆ ಪೂಜೆ ಮಾಡಿ ಎನ್ನುವಿರಾ? ಎಂಟು ದಿನಕ್ಕೊಮ್ಮೆ ನೀರು ಬರುವ ನಳಕ್ಕೆ ಕುಂಕುಮ ಹಚ್ಚಿದರೆ ಗಂಗವ್ವನಿಗೇ ಸಿಟ್ಟು ಬಂದೀತು.

ಆದ್ದರಿಂದ ಗರಸು ತೆಗೆಸಿ, ಅಡಿಯ ಎಣ್ಣೆ ಉಸುಕನ್ನು ಸಾಗಿಸಿ, ಸುಟ್ಟಂತಾದ ದಂಡೆಗೆ ಮತ್ತೆ ಹುಲ್ಲು ಹಚ್ಚಿಸಿ. ನೀರು ತಿಳಿಯಾದ ದಿನ ನೀವೇ ಬನ್ನಿ. ಬಾಣಂತಿಯ ಸೊಂಟಕ್ಕೆ ತುಂಬಿದ ಕೊಡ ಎತ್ತಿ ಇಡುವುದು ಮನೆಯ ಹಿರಿಯರ ಹಕ್ಕು, ಅದನ್ನು ನಿಮಗೆ ಬಿಟ್ಟುಕೊಡುತ್ತೇನೆ. ಅದಕ್ಕೂ ಮೊದಲು ಆ ವರ್ತಿಯ ನೀರನ್ನು ಒಂದು ಬೊಗಸೆ ನಮ್ಮೆದುರು ಕುಡಿಯಬೇಕು, ಅಷ್ಟೆ. ದೀಪದ ಎಣ್ಣೆಯನ್ನು ಈ ಸಲ ನಾನು ಮನೆಯಿಂದಲೇ ತರುತ್ತೇನೆ.

ಇಂತಿ,
ಖಾಲಿ ಕೊಡದ ಪಕ್ಕ ಮೊಮ್ಮಗನನ್ನು ಆಡಿಸುತ್ತ ಕೂತಿರುವ
ಸಿದ್ದವ್ವ